ಅಳುವುದಕ್ಕೂ ಡ್ಯೂಟಿ ಪಟ್ಟಿಯಲ್ಲಿ ಜಾಗ ಕೊಟ್ಟವರಿಗೆ

ಎಂಟು ವಾರಗಳ ರಜೆ ಮುಗಿಸಿ ನಾನು ಮತ್ತೆ ಉಪಶಮನ ಆರೈಕೆಯ, ಅಂದರೆ ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ವಾರ್ಡಿಗೆ ಮರಳಿದ್ದೇನೆ. ಹನ್ನೊಂದು ವರ್ಷ ಶುಶ್ರೂಷಕಿಯಾಗಿ ದುಡಿದ ಮೇಲೂ ಕೆಲಸದ ಒತ್ತಡಕ್ಕೆ ಹೀಗೆ ಕುಸಿದೆನಲ್ಲ ಎಂಬ ನಾಚಿಕೆ ನನ್ನಲ್ಲಿತ್ತು. ಅದನ್ನು ಕಳೆದವರಿಗೆ ಈ ಬರಹ.

ಮೊದಲನೆಯವಳು ನನ್ನ ಕಿರಿಯ ಸಹೋದ್ಯೋಗಿ. ಒಂದು ಬೆಳಿಗ್ಗೆ ಔಷಧಿಯನ್ನು ನಿಧಾನವಾಗಿ ದೇಹಕ್ಕೆ ಹರಿಸುವ ಸಿರಿಂಜ್ ಪಂಪಿಗೆ ನೋವುನಿವಾರಕ ಮಾರ್ಫಿನ್ ಸಿದ್ಧಪಡಿಸುವಾಗ, ಹಿಂದಿನ ರಾತ್ರಿ ತೀರಿಕೊಂಡವರ ಹೆಸರನ್ನು ನಾನು ಚೀಟಿಯ ಮೇಲೆ ಬರೆದುಬಿಟ್ಟಿದ್ದೆ. ಜೊತೆಗೆ ನಿಂತು ಪರಿಶೀಲಿಸುತ್ತಿದ್ದ ಅವಳು ಗದರಲಿಲ್ಲ; ಚೀಟಿಯನ್ನು ಕಿತ್ತು, ಬೇರೊಂದನ್ನು ಅಂಟಿಸಿ, "ಅಕ್ಕಾ, ನೀವು ಸ್ವಲ್ಪ ಕೂತ್ಕೊಳ್ಳಿ" ಎಂದಳು. ಬಳಿಕ ನಿಯಮದಂತೆ ಆ ತಪ್ಪನ್ನು ಇಬ್ಬರೂ ದಾಖಲಿಸಿದೆವು.

ನನ್ನ ಮಾತುಗಳನ್ನು ಆಲಿಸಿದ ಆಪ್ತಸಮಾಲೋಚಕರಿಗೆ ನಾನು ಋಣಿ. ನನ್ನನ್ನು ಹಣ್ಣು ಮಾಡಿದ್ದು ಸಾವುಗಳಲ್ಲ, ಮನೆಗೆ ಕಳಿಸಿ ಎಂದು ಬೇಡುತ್ತಿದ್ದ ಒಬ್ಬರನ್ನು ಮನೆಯಲ್ಲಿ ಆಮ್ಲಜನಕದ ಏರ್ಪಾಡಾಗಲಿಲ್ಲವೆಂಬ ಕಾರಣಕ್ಕೆ ಕೊನೆಯವರೆಗೂ ವಾರ್ಡಿನಲ್ಲೇ ಉಳಿಸಿಕೊಂಡ ಆ ಆರು ದಿನಗಳು ಎಂಬುದು ಅವರೆದುರು ಮಾತಾಡುವಾಗಲೇ ನನಗೆ ಹೊಳೆಯಿತು. ಸರಿಯಾದದ್ದು ಯಾವುದೆಂದು ಗೊತ್ತಿದ್ದೂ ವ್ಯವಸ್ಥೆಯ ಅಡ್ಡಿಯಿಂದ ಅದನ್ನು ಮಾಡಲಾಗದ ಈ ನೋವನ್ನು ಅಮೆರಿಕದ ನೀತಿಶಾಸ್ತ್ರ ಚಿಂತಕ ಆಂಡ್ರ್ಯೂ ಜೇಮ್ಟನ್ 1984ರಲ್ಲೇ ನೈತಿಕ ಸಂಕಟವೆಂದು ಗುರುತಿಸಿದ್ದರಂತೆ. ಹೆಸರು ಸಿಕ್ಕ ಮಾತ್ರಕ್ಕೆ ನೋವು ಕಡಿಮೆಯಾಗಲಿಲ್ಲ, ಆದರೆ ಅದು ನನ್ನ ದೌರ್ಬಲ್ಯವೆಂಬ ಭಾವನೆ ಹೋಯಿತು.

ವಾರ್ಡಿನ ಮುಖ್ಯಸ್ಥೆಗೆ ವಿಶೇಷ ಕೃತಜ್ಞತೆಗಳು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11 ಬರ್ನೌಟನ್ನು, ಅಂದರೆ ಕೆಲಸದಿಂದ ಬಸವಳಿದು ಹೋಗುವುದನ್ನು, ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದ ಫಲವೆಂದು ವಿವರಿಸುತ್ತದೆ ಎಂಬುದನ್ನು ಆಡಳಿತದ ಮುಂದಿಟ್ಟು, ಬದಲಾಗಬೇಕಾದದ್ದು ನಾನೊಬ್ಬಳೇ ಅಲ್ಲ, ಪಾಳಿಗಳ ಹಂಚಿಕೆಯೂ ಹೌದು ಎಂದು ಅವರು ವಾದಿಸಿದರು. (ಧ್ಯಾನದ ಶಿಬಿರಕ್ಕೆ ಕಳಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು.) ಈಗ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ನಾವೆಲ್ಲ ಕೂತು ತೀರಿಕೊಂಡವರ ಬಗ್ಗೆ ಮಾತಾಡುತ್ತೇವೆ; ಆ ಹೊತ್ತು ಡ್ಯೂಟಿಯ ಲೆಕ್ಕದಲ್ಲೇ ಸೇರುತ್ತದೆ.

ಸಾವು ಸಂಭವಿಸಿದಾಗ ಹಾಸಿಗೆಯ ಸುತ್ತ ಒಂದು ನಿಮಿಷ ಮೌನವಾಗಿ ನಿಲ್ಲುವ ರೂಢಿಯನ್ನೂ ಅವರೇ ತಂದರು. ಅಮೆರಿಕದಲ್ಲಿ ಜೊನಾಥನ್ ಬಾರ್ಟಲ್ಸ್ ಎಂಬ ನರ್ಸ್ ಆರಂಭಿಸಿದ ಪದ್ಧತಿಯಿದು. "ನಾನೂ ನಿಲ್ಲಬಹುದಾ ಮೇಡಂ?" ಎಂದು ಬಾಗಿಲಲ್ಲೇ ಕೇಳಿದ ಸ್ವಚ್ಛತಾ ಸಿಬ್ಬಂದಿಯಲ್ಲೊಬ್ಬರಾದ ಆ ತಾಯಿಯನ್ನು ಅಷ್ಟು ವರ್ಷ ನಾವು ತಂಡದವರೆಂದು ಎಣಿಸಿಯೇ ಇರಲಿಲ್ಲ, ಅವರಿಗೆ ಧನ್ಯವಾದದ ಜೊತೆ ಕ್ಷಮೆಯನ್ನೂ ಕೋರುತ್ತೇನೆ.

ಮರಳಿದ ಮೊದಲ ದಿನ ಪಂಪಿನ ಚೀಟಿ ಬರೆಯುವಾಗ ಆ ಕಿರಿಯ ಸಹೋದ್ಯೋಗಿ ರೋಗಿಯ ಹೆಸರನ್ನು ಗಟ್ಟಿಯಾಗಿ ಓದಿದಳು. ನಾನೂ ಓದಿದೆ, ನಂತರ ಬರೆದೆ.