ಬೀಜ ಮಸೂದೆ ತಿದ್ದಿಸಲು ಹೊರಟ ಮಗಳಿಗೆ

ಚಳ್ಳಕೆರೆ

ಚಿ. ಮಗಳಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಕೇಂದ್ರದ ಹೊಸ ಬೀಜ ಮಸೂದೆ ವಿಚಾರಕ್ಕೆ ದಾವಣಗೆರೆಯಲ್ಲಿ ಡಿಸಿ ಆಫೀಸಿನ ಮುಂದೆ ಧರಣಿ ಕೂರುತ್ತೇವೆ ಅಂತ ಬರೆದಿದ್ದೀಯ. ಕೂರು, ಬೇಡ ಅನ್ನುವುದಿಲ್ಲ. 2020ರ ಮೂರು ಕೃಷಿ ಕಾನೂನು ಮರುವರ್ಷ ನವೆಂಬರ್‌ನಲ್ಲಿ ವಾಪಸಾಗಿದ್ದು ರೈತರು ದಿಲ್ಲಿ ಗಡಿಯಲ್ಲಿ ಬಿಡದೆ ಕೂತಿದ್ದಕ್ಕೇ ಅಲ್ವಾ? ಆದರೆ ಕಾನೂನು ಆಗುವ ಮೊದಲೇ ತಿದ್ದಿಸಬೇಕೆಂದರೆ ಕಾಗದದ ಕೆಲಸವೂ ಬೇಕು.

ಮೊದಲು ಮಸೂದೆಯ ಕರಡು ಪೂರ್ತಿ ಓದು. ವಾಟ್ಸಾಪ್ ಸಾರಾಂಶ ಸಾಲದು. ಪಕ್ಕದಲ್ಲಿ 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇಟ್ಟುಕೋ. ರೈತ ಬೀಜ ಎತ್ತಿಡಬಹುದು, ಹಂಚಬಹುದು, ಬ್ರಾಂಡ್ ಹಾಕದೆ ಮಾರಲೂಬಹುದು ಎಂದು ಅದರ 39ನೇ ಸೆಕ್ಷನ್ ಹೇಳುತ್ತದೆ. ನಮ್ಮ ಶೇಂಗಾದವರಿಗೆ ಈ ಹಕ್ಕು ಉಳಿಯುವುದೇ ದೊಡ್ಡ ಮಾತು.

ನಿಮ್ಮ ಕಡೆಯ ಮೆಕ್ಕೆಜೋಳದ ಕಷ್ಟ ಬೇರೆ. ಅದು ಹೈಬ್ರಿಡ್, ವರ್ಷ ವರ್ಷ ಪ್ಯಾಕೆಟ್ ಕೊಳ್ಳಲೇಬೇಕು. ಮೊಳಕೆ ಬರದಿದ್ದರೆ ಪರಿಹಾರ ಯಾರು, ಎಷ್ಟು ದಿನದಲ್ಲಿ ಕೊಡುತ್ತಾರೆ? 1966ರ ಬೀಜ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಡಿಎಪಿ ಗೊಬ್ಬರದ ಅರ್ಧ ಚೀಲಕ್ಕೂ ಸಾಲದು, ಅದೂ ರೈತನ ಕೈಗೆ ಬರುವ ದುಡ್ಡಲ್ಲ! ಪರಿಹಾರ ಬೇಕೆಂದರೆ ಗ್ರಾಹಕ ನ್ಯಾಯಾಲಯಕ್ಕೆ ಅಲೆಯಬೇಕು. ಶೇಂಗಾದವರ ಹಕ್ಕು, ಮೆಕ್ಕೆಜೋಳದವರ ಪರಿಹಾರ ಎರಡನ್ನೂ ಒಂದೇ ಘೋಷಣೆಗೆ ತುರುಕಿದರೆ ಮೆಕ್ಕೆಜೋಳದವರ ಮಾತು ಯಾರಿಗೂ ಕೇಳಿಸುವುದಿಲ್ಲ.

ಸರ್ಕಾರಕ್ಕೆ ಅಭಿಪ್ರಾಯ ಬರೆಯುವಾಗ ಕರಡಿನ ಯಾವ ಕಲಂ, ಅದರಿಂದ ನಮ್ಮ ಹೊಲದಲ್ಲಿ ಏನಾಗುತ್ತದೆ, ಯಾವ ಸಾಲು ಬದಲಾಗಬೇಕು ಅಂತ ಬರೆ. ಬಿಲ್ಲು, ಪ್ಯಾಕೆಟ್ಟಿನ ಲಾಟ್ ನಂಬರ್ ಲಗತ್ತಿಸು. ಬಿತ್ತಿದ ಮೇಲೆ ಪ್ಯಾಕೆಟ್ ಬಿಸಾಡುವ ಅಭ್ಯಾಸ ನಮ್ಮವರಿಗೆ. ಅದನ್ನು ಬಿಡಿಸುವುದೇ ಧರಣಿಗಿಂತ ಕಷ್ಟ, ನೋಡ್ತಿರು.

ಕರಡು ಮಸೂದೆಗೆ ಕನಿಷ್ಠ 30 ದಿನ ಜನರ ಅಭಿಪ್ರಾಯ ಕೇಳಬೇಕು ಎಂಬುದು ಕೇಂದ್ರದ 2014ರ ನೀತಿ. 2025ರ ನವೆಂಬರ್‌ನಲ್ಲಿ ಬಂದ ಬೀಜ ಮಸೂದೆ ಕರಡಿಗೆ ಡಿಸೆಂಬರ್ 11 ಗಡುವಿತ್ತು. ಗಡುವು ಮುಗಿದರೂ ಸುಮ್ನೆ ಕೂರಬೇಡ. ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೆ ಹೋದರೆ ಅಲ್ಲಿಗೂ ಲಿಖಿತವಾಗಿ ಕಳಿಸಬಹುದು. ಕೃಷಿ ರಾಜ್ಯದ ಪಟ್ಟಿಯಲ್ಲಿರುವ ವಿಷಯ, ಹಾಗಾಗಿ ಬೆಂಗಳೂರಿಗೂ ಒಂದು ಪ್ರತಿ ಹೋಗಲಿ.

ಸಂಸದರನ್ನು ಅಧಿವೇಶನಕ್ಕೆ ಮೊದಲೇ, ಊರಿನಲ್ಲಿರುವಾಗ ನೋಡು. ಹಾರ, ಶಾಲು ಬೇಡ. ಒಂದೇ ಹಾಳೆ ಕೊಡು. ಅವರ ಪಿಎಗೂ ಒಂದು ಕೊಡು, ನಾಳೆ ಅದನ್ನು ಹುಡುಕಿ ತೆಗೆಯುವವನು ಅವನೇ. ಯಾವ ಪಕ್ಷದವರಾದರೂ ಸರಿ, ಮಾತು ಬೀಜದ ಮೇಲೇ ಇರಲಿ.

ಶೇಂಗಾ ಬೀಜ ಆರಿಸುವ ನಮ್ಮ ಹೆಂಗಸರನ್ನೂ ಕೇಳಿ ಬರೆದುಕೋ. ಭಾನುವಾರ ಕರಡು ಪ್ರಿಂಟ್ ಹಾಕಿಸಿಕೊಂಡು ಬಾ. ನನ್ನ ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿರಲಿ.

ಇಂತಿ,
ನಿನ್ನ ದೊಡ್ಡಪ್ಪ