ಹಾಲು ಬಿಡಿಸಿದ ಹಂದಿಮರಿಗಳ ಆಹಾರ ಇನ್ನು ಎರಡು ಚೀಲದಲ್ಲಿ

ಹಾಸನ, ಆಲೂರು, ಸಕಲೇಶಪುರ ಭಾಗದ ಹಂದಿ ಸಾಕಣೆದಾರರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ 50 ಕಿಲೋದ ಮರಿ ಆಹಾರ ನಮ್ಮ ಸಂಘದಲ್ಲಿ ಸಿಗುವುದಿಲ್ಲ. ಹಾಲು ಬಿಡಿಸಿದ ಮೊದಲ 14 ದಿನಕ್ಕೆ 25 ಕಿಲೋದ ಒಂದನೇ ಚೀಲ, ಆಮೇಲೆ ಎರಡನೇ ಚೀಲ. ಒಂದನೆಯದರ ದರ ಹೆಚ್ಚಿದೆ. ಯಾಕೆಂದು ನಿಮಗೆ ಹೇಳಲೇಬೇಕು.

ಹಳೆಯ ಆಹಾರದಲ್ಲಿ ಪ್ರೋಟೀನ್ ಶೇ 22 ಇತ್ತು, ಬಹುಪಾಲು ಸೋಯಾ ಹಿಂಡಿಯದು. 28 ದಿನಕ್ಕೇ ತಾಯಿಯನ್ನು ಬಿಟ್ಟ ಮರಿಯ ಹೊಟ್ಟೆಯಲ್ಲಿ ಆಮ್ಲ ಇನ್ನೂ ಸಾಲದು. ಅರಗದ ಹಿಂಡಿ ಕರುಳಿನಲ್ಲಿ ಕೊಳೆತು ಇ. ಕೋಲಿ ಬ್ಯಾಕ್ಟೀರಿಯಾ ಹೆಚ್ಚಲು ದಾರಿಯಾಗುತ್ತದೆ. ನಾಲ್ಕೈದನೇ ದಿನ ಬಾಲದ ಬುಡ ಒದ್ದೆಯಾಗಿ, ರೋಮ ನಿಮಿರಿ, ನೀರಿನಂಥ ಬೇಧಿ ಶುರುವಾಗುವುದು ಹೆಚ್ಚಾಗಿ ಹೀಗೆಯೇ. ಹೊಸದರಲ್ಲಿ ಪ್ರೋಟೀನ್ ಶೇ 18ಕ್ಕೆ ಇಳಿಸಿ, ಬೆಳವಣಿಗೆ ಕುಂದದಂತೆ ಲೈಸಿನ್ (ಪ್ರೋಟೀನಿನ ಒಂದು ಮೂಲ ಘಟಕ) ಸೇರಿಸಿದ್ದೇವೆ. ಹಿಂಡಿ ತಗ್ಗಿಸಿದ ಜಾಗಕ್ಕೆ ಮೀನಿನ ಪುಡಿ ಮತ್ತು ಕೆನೆ ತೆಗೆದ ಹಾಲಿನ ಪುಡಿ ಬಂದಿವೆ. ದರ ಏರಿದ್ದು ಹಾಲಿನ ಪುಡಿಯಿಂದ. ಮಲೆನಾಡಿನ ಮಳೆಯಲ್ಲಿ ಅದು ಬೇಗ ಗಂಟು ಕಟ್ಟುತ್ತದೆ, ಅದಕ್ಕೇ ಚೀಲ ಚಿಕ್ಕದು. ಮರಿಯೊಂದಕ್ಕೆ ಎರಡು ವಾರಕ್ಕೆ ಸುಮಾರು 3 ಕಿಲೋ ಹಿಡಿಯುತ್ತದೆ. 8 ಮರಿಗೆ ಒಂದು ಚೀಲ ಸಾಕು.

ಆದರೆ ಚೀಲ ಬದಲಿಸಿದರಷ್ಟೇ ಸಾಲದು, ಹಾಕುವ ರೀತಿಯೂ ಸರಿಯಿರಬೇಕು. ಮರಿ ಎರಡು ದಿನ ಉಪವಾಸ ಬಿದ್ದರೆ ಕರುಳಿನ ಒಳಗೋಡೆಯೇ ಕುಗ್ಗುತ್ತದೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಮೊದಲ ಮೂರು ದಿನ ಒಂದು ಪಾಲು ಆಹಾರಕ್ಕೆ ಎರಡು ಪಾಲು ಉಗುರುಬೆಚ್ಚಗಿನ ನೀರು ಬೆರೆಸಿ ಅಂಬಲಿ ಮಾಡಿ. ದಿನಕ್ಕೆ 5–6 ಸಲ, 20 ನಿಮಿಷದಲ್ಲಿ ಖಾಲಿಯಾಗುವಷ್ಟೇ ಹಾಕಿ. ಒಟ್ಟಿಗೆ ಮೊಲೆ ಕುಡಿದು ರೂಢಿಯಾದ ಮರಿಗಳಿವು, ಎಲ್ಲವೂ ಒಮ್ಮೆಗೇ ಬಾಯಿ ಹಾಕುವಷ್ಟು ಉದ್ದದ, ಆಳವಿಲ್ಲದ ತೊಟ್ಟಿ ಬೇಕು. ಉಳಿದ ಅಂಬಲಿ ಹುಳಿಯುವ ಮೊದಲೇ ತೆಗೆದು ತೊಟ್ಟಿ ತೊಳೆಯಿರಿ. ನಾಲ್ಕನೇ ದಿನದಿಂದ ಗಟ್ಟಿ ಮಾಡುತ್ತಾ ವಾರದ ಹೊತ್ತಿಗೆ ಒಣ ಆಹಾರಕ್ಕೆ ತನ್ನಿ. ನೀರಿನ ನಿಪ್ಪಲ್‌ಗೆ ತಂಬಿಗೆ ಹಿಡಿದು ನೋಡಿ: ನಿಮಿಷಕ್ಕೆ ಅರ್ಧ ಲೀಟರ್ ಬರಬೇಕು. ನೀರು ಕಡಿಮೆಯಾದರೆ ಮರಿ ತಿನ್ನುವುದನ್ನೂ ಬಿಡುತ್ತದೆ.

ಎರಡನೇ ಚೀಲಕ್ಕೆ ಒಮ್ಮೆಗೇ ಹೋಗಬೇಡಿ. 12ನೇ ದಿನ ಕಾಲು ಪಾಲು, 13ಕ್ಕೆ ಅರ್ಧ, 14ಕ್ಕೆ ಮುಕ್ಕಾಲು ಬೆರೆಸಿ. ಹೋಟೆಲ್ ಮುಸುರೆ, ಕುದಿಸಿದ್ದಾದರೂ, ಈ ವಯಸ್ಸಿಗೆ ಬೇಡ. ಬೇಧಿ ಕಂಡರೆ ಆಹಾರ ಅರ್ಧಕ್ಕಿಳಿಸಿ, ಓಆರ್‌ಎಸ್ ನೀರಿಟ್ಟು, ಅದೇ ದಿನ ಪಶುವೈದ್ಯರನ್ನು ಕರೆಯಿರಿ.

ಹಳೆಯ ಚೀಲ ಉಳಿದಿದ್ದರೆ 12 ಕಿಲೋ ದಾಟಿದ ಮರಿಗಳಿಗೆ ಹಾಕಬಹುದು. ಬಾಯಿ ಬಿಚ್ಚದ ಚೀಲವನ್ನು ತಿಂಗಳ ಕೊನೆಯವರೆಗೆ ಪೂರ್ತಿ ಬೆಲೆಗೆ ವಾಪಸ್ ಪಡೆಯುತ್ತೇವೆ. ಬೂಷ್ಟಿನ ವಾಸನೆ ಬಂದದ್ದನ್ನು ಮಾತ್ರ ಯಾವ ಹಂದಿಗೂ ಹಾಕಬೇಡಿ.

ಸಂಘದ ಆಹಾರ ವಿಭಾಗ, ಹಾಸನ