ನಿನ್ನ ಪತ್ರದ ಆ ತಲೆನೋವಿನ ಸಾಲು

ಚಿ. ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಪತ್ರ ಮೊನ್ನೆ ಬಂತು. ಇಲ್ಲಿಯ ಸಮಾಚಾರ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಅದನ್ನೇ ಬರೆಯುವುದಿಲ್ಲ.

ಕೊನೆಯ ಪುಟದಲ್ಲಿ, ಹೆಸರು ಹಾಕುವ ಮೊದಲು, ನೀನು ಸುಮ್ನೆ ಒಂದು ಮಾತು ಸೇರಿಸಿದ್ದೀಯ. ‘ಮಳೆ ಬಂದ ದಿನ ಕಂಪ್ರೆಸರ್ ಒಳಗೆ ಎಳ್ಕೊಂಡು, ಶಟರ್ ಅರ್ಧ ಎತ್ತಿಟ್ಟು ಕೆಲಸ ಮಾಡ್ತೀನಿ ದೊಡ್ಡಪ್ಪ. ಸಂಜೆ ಹೊತ್ತಿಗೆ ಸ್ವಲ್ಪ ತಲೆನೋವು ಬರುತ್ತೆ, ಥಿನ್ನರ್ ವಾಸನೆಗೆ ಇರಬೇಕು. ಒಂದು ಮಾತ್ರೆ ನುಂಗಿದ್ರೆ ಸರಿಹೋಗುತ್ತೆ.’ ಅಷ್ಟೇ. ಹೊಸ ಸ್ಪ್ರೇ ಗನ್ನಿನ ಬಗ್ಗೆ ಮಾತ್ರ ಒಂದೂವರೆ ಪುಟ ಬರೆದಿದ್ದೀಯ. ಗನ್ನಿನ ಪುಟ ಒಂದು ಸಲ ಓದಿದೆ. ಈ ತಲೆನೋವಿನ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಥಿನ್ನರ್‌ಗೆ ತಲೆ ನೋಯುವುದಿಲ್ಲ ಅಂತ ನಾನು ಹೇಳುವುದಿಲ್ಲ. ನೋಯುತ್ತದೆ. ಆದರೆ ಅದೇ ಕೋಣೆಯಲ್ಲಿ, ಗನ್ನಿಗೆ ಗಾಳಿ ಒತ್ತುವ ಆ ಕಂಪ್ರೆಸರಿನ ಪೆಟ್ರೋಲ್ ಎಂಜಿನ್ ಓಡುತ್ತಿದೆಯಲ್ಲ ಪುಟ್ಟಾ. ಥಿನ್ನರ್ ‘ನಾನು ಬಂದೆ’ ಅಂತ ಮೂಗಿಗೆ ಹೇಳಿಯೇ ಬರುತ್ತದೆ. ಸೈಲೆನ್ಸರ್‌ನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹೊಗೆ ವಾಸನೆ ಬರುತ್ತದಲ್ಲ ಅನ್ನಬೇಡ. ಆ ವಾಸನೆ ಹೊಗೆಯಲ್ಲಿರುವ ಬೇರೆ ವಸ್ತುಗಳದ್ದು, ಮೂಗು ಅದಕ್ಕೆ ಸ್ವಲ್ಪ ಹೊತ್ತಿನಲ್ಲೇ ಒಗ್ಗಿಹೋಗುತ್ತದೆ.

ಒಂದು ಲೆಕ್ಕ ನೀನೇ ಹಾಕು. ಮಳೆ ಇಲ್ಲದ ದಿನ, ಮೆಷಿನ್ ಹೊರಗಿದ್ದ ದಿನ, ಅದೇ ಥಿನ್ನರ್ ಅಷ್ಟೇ ಹೊತ್ತು ಹಿಡಿದರೂ ತಲೆ ನೋಯುತ್ತದಾ? ಮಳೆ ದಿನವೇ ಜಾಸ್ತಿ ಅಂತಾದರೆ ಥಿನ್ನರ್ ಮೇಲೆ ತಪ್ಪು ಹೊರಿಸಬೇಡ. ಹೊರಗೆ ಹೋಗಿ ನಿಂತರೆ ಕಡಿಮೆಯಾಗುತ್ತದಾ? ಜೊತೆಗೆ ಇರುವವರಿಗೂ ನೋಯುತ್ತದಾ? ಅವರನ್ನು ಕೇಳಿದ್ದೀಯಾ?

ಕೇಳು. ನಾನು ಕೇಳಿರಲಿಲ್ಲ. ಅದನ್ನೇ ಬರೆಯಬೇಕು ಅಂತ ಕೂತದ್ದು, ಸುತ್ತಿ ಬಳಸಿ ಬರುತ್ತಿದ್ದೇನೆ.

ನಿನ್ನ ವಯಸ್ಸಿನಲ್ಲಿ ಒಂದು ಹೊಸ ಕಟ್ಟಡದ ನೆಲಮಾಳಿಗೆಗೆ ಪೇಂಟ್ ಹೊಡೆಯುವ ಕೆಲಸ ಹಿಡಿದಿದ್ದೆ. ಕರೆಂಟ್ ಇನ್ನೂ ಕೊಟ್ಟಿರಲಿಲ್ಲ. ಪೆಟ್ರೋಲ್ ಕಂಪ್ರೆಸರ್ ಬಾಡಿಗೆಗೆ ತಂದೆ. ಅದರ ಪೈಪ್ ಗಿಡ್ಡ, ಹತ್ತು ಮೀಟರ್ ಇದ್ದಿರಬೇಕು. ಮೇಲಿಂದ ಬಿಟ್ಟರೆ ಒಳಗಿನ ಮೂಲೆಗೆ ಮುಟ್ಟುತ್ತಿರಲಿಲ್ಲ. ಇನ್ನೊಂದು ಪೈಪ್ ತರಲು ಅರ್ಧ ದಿನ ದಂಡ ಅಂತ ಮೆಷಿನ್ನನ್ನೇ ಕೆಳಗೆ ಇಳಿಸಿದೆ. ಮೇಲಿನ ಎರಡು ಸಣ್ಣ ಕಿಟಕಿ ತೆಗೆದಿಟ್ಟೆ. ಗಾಳಿ ಆಡುತ್ತದೆ, ಸಾಕು ಅಂದುಕೊಂಡೆ. ನಿನ್ನ ಅರ್ಧ ಶಟರ್ ಇದೆಯಲ್ಲ, ಹಾಗೆ.

ಜೊತೆಗೆ ಒಬ್ಬ ಹುಡುಗ ಇದ್ದ. ಸಣ್ಣ ಮೈಕಟ್ಟು. ಪೇಂಟ್ ಕಲೆಸುವುದು, ನಾನು ಮುಂದೆ ಹೋದ ಹಾಗೆ ಪೈಪ್ ಬಿಡುವುದು ಅವನ ಕೆಲಸ. ಮೆಷಿನ್ ಪಕ್ಕದಲ್ಲೇ ಕೂರುತ್ತಿದ್ದ. ಒಂದು ಗಂಟೆ ಕಳೆದಿರಬೇಕು, ‘ಅಣ್ಣಾ, ತಲೆ ನೋಯ್ತಿದೆ’ ಅಂದ. ‘ಈ ಗೋಡೆ ಮುಗೀಲಿ, ತಡ್ಕೋ’ ಅಂದೆ. ಇನ್ನೂ ಸ್ವಲ್ಪ ಹೊತ್ತಿಗೆ ‘ವಾಂತಿ ಬರೋ ಹಾಗಾಗ್ತಿದೆ’ ಅಂದ. ನಾನು ಗನ್ ನಿಲ್ಲಿಸಲಿಲ್ಲ. ತಿರುಗಿಯೂ ನೋಡಲಿಲ್ಲ. ‘ಕೆಲಸ ಅಂದ್ರೆ ನಿಂಗೆ ದಿನಾ ಒಂದು ರೋಗ’ ಅಂದೆ.

ಅವನು ಮತ್ತೆ ಮಾತಾಡಲಿಲ್ಲ. ಮುನಿಸಿಕೊಂಡ ಅಂದುಕೊಂಡೆ. ಪೈಪ್ ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ. ತಿರುಗಿ ನೋಡಿದರೆ ಪೈಪಿನ ಸುರುಳಿಯ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಕಲೆಸುವ ಕೋಲು ಕೈಯಲ್ಲೇ ಇತ್ತು. ಉರುಳಿದ ಡಬ್ಬಿಯ ಹಸಿರು ಪೇಂಟ್ ಅವನ ಅಂಗಿ ತೋಳಿಗೆ ಮೆಲ್ಲಗೆ ಹತ್ತುತ್ತಿತ್ತು. ನಾನು ಓಡಲು ಹೊರಟೆ, ಕಾಲು ಏಳಲಿಲ್ಲ. ನನಗೂ ಅಷ್ಟು ಹೊತ್ತಿಗೆ ಹತ್ತಿಬಿಟ್ಟಿತ್ತು, ಗೊತ್ತೇ ಆಗಿರಲಿಲ್ಲ. ಅವನನ್ನು ಎಳೆದುಕೊಂಡು ಮೆಟ್ಟಿಲು ಹತ್ತಿದ್ದು ಹೇಗೆ ಅಂತ ಇವತ್ತಿಗೂ ನೆನಪಿಲ್ಲ. ಇಬ್ಬರೂ ಅಲ್ಲೇ ಉಳಿಯಬೇಕಿತ್ತು.

ಆಸ್ಪತ್ರೆಯಲ್ಲಿ ಅವನಿಗೆ ಆಕ್ಸಿಜನ್ ಮಾಸ್ಕ್ ಹಾಕಿದರು. ಡಾಕ್ಟರು ನನಗೆ ಸಿಟ್ಟಿನಲ್ಲೇ ಬಿಡಿಸಿ ಹೇಳಿದರು. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಈ ಅನಿಲ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದಂತೆ. ಟವಲ್ ಹಾಕಿ ಸೀಟು ಹಿಡಿದ ಹಾಗೆ. ಆಕ್ಸಿಜನ್ ನಿಂತೇ ಇರಬೇಕು. ಹೊರಗಿನ ಗಾಳಿ ಕುಡಿದರೆ ಅದು ಅರ್ಧ ಇಳಿಯಲು 4–5 ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಹಾಗಾಗಿ ಮಧ್ಯೆ ಹತ್ತು ನಿಮಿಷ ಹೊರಗೆ ನಿಂತು ಬಂದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ನಿನ್ನ ಮಾತ್ರೆ? ಅದು ನೋವನ್ನಷ್ಟೇ ಮುಚ್ಚುತ್ತದೆ. ಸೀಟು ಖಾಲಿ ಮಾಡಿಸುವುದಿಲ್ಲ.

ಇನ್ನೊಂದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈಗ ಎಲ್ಲರ ಹತ್ತಿರ ಇದೆ. ಅದನ್ನು ಹಾಕಿ ನೋಡಿ 98 ಇದೆ, ನಾನು ಚೆನ್ನಾಗಿದ್ದೇನೆ ಅಂತ ಬರೆದುಬಿಡಬೇಡ. ಈ ಅನಿಲ ಹತ್ತಿದ ರಕ್ತವೂ ಅದರ ಕಣ್ಣಿಗೆ ಆಕ್ಸಿಜನ್ ತುಂಬಿದ ರಕ್ತದ ಹಾಗೇ ಕಾಣುತ್ತದೆ. ಸರಿಯಾಗಿ ಗೊತ್ತಾಗಬೇಕು ಅಂದರೆ ಆಸ್ಪತ್ರೆಯಲ್ಲಿ ರಕ್ತ ನೋಡಬೇಕು. ಮುಂದೆ ಯಾವತ್ತಾದರೂ ಡಾಕ್ಟರ ಹತ್ತಿರ ಹೋದರೆ ತಲೆನೋವು ಅಂತಷ್ಟೇ ಹೇಳಬೇಡ. ಮುಚ್ಚಿದ ಜಾಗದಲ್ಲಿ ಪೆಟ್ರೋಲ್ ಎಂಜಿನ್ ಜೊತೆ ಇದ್ದೆ ಅಂತ ಹೇಳು.

ಹುಡುಗ ಬದುಕಿದ. ಮನೆಗೂ ಹೋದ. ಮೂರು ವಾರಕ್ಕೆ ಕೆಲಸಕ್ಕೂ ಬಂದ. ಆದರೆ ಡಬ್ಬಿ ಮುಂದೆ ಕೂತು, ಎಷ್ಟು ಥಿನ್ನರ್ ಹಾಕಬೇಕು ಅಂತ ಮರೆತು, ಕೋಲು ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ. ದಿನಾ ಮಾಡುತ್ತಿದ್ದ ಕೆಲಸ ಅದು. ಹೀಗೆ ಆಗುವುದುಂಟಂತೆ, ಮೊದಲು ಸರಿಹೋದ ಹಾಗೆ ಕಂಡು ದಿನಗಳೋ ವಾರಗಳೋ ಕಳೆದ ಮೇಲೆ ಮರೆವು ಬರುತ್ತದಂತೆ. ಸ್ವಲ್ಪ ದಿನ ಬಂದ, ಆಮೇಲೆ ಬರಲಿಲ್ಲ. ಅವನ ಅಮ್ಮನಿಗೆ ‘ಗಾಳಿ ಸಾಲದೆ ತಲೆ ಸುತ್ತಿತು’ ಅಂದಿದ್ದೆ. ನಾನು ಬೈದ ಮಾತು ಹೇಳಲಿಲ್ಲ. ಅವನಿಗೂ ನೆನಪಿತ್ತೋ ಇಲ್ಲವೋ. ನಿಮ್ಮಪ್ಪನಿಗೂ ಇಷ್ಟು ಹೇಳಿಲ್ಲ.

ಎಷ್ಟೋ ವರ್ಷದ ಮೇಲೆ ಕಲ್ಲಿದ್ದಲು ಗಣಿಗಳ ಬಗ್ಗೆ ಓದಿದೆ. ಜಾನ್ ಸ್ಕಾಟ್ ಹಾಲ್ಡೇನ್ ಅನ್ನುವ ವಿಜ್ಞಾನಿ 1890ರ ದಶಕದಲ್ಲಿ ಇದೇ ಅನಿಲದ ಬೆನ್ನು ಹತ್ತಿದ್ದರು, ತಾವೇ ಉಸಿರಾಡಿ ನೋಡಿದ್ದರು. ಗಣಿಗೆ ಸಣ್ಣ ಪ್ರಾಣಿ ಒಯ್ಯಿರಿ ಅಂತ ಹೇಳಿದವರು ಅವರು. ಸಣ್ಣ ಜೀವ ಬೇಗ ಬೇಗ ಉಸಿರಾಡುತ್ತದೆ, ಅದಕ್ಕೇ ಮನುಷ್ಯನಿಗಿಂತ ಮೊದಲು ಬೀಳುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿ ಇಟ್ಟುಕೊಂಡಿದ್ದರು. ಪುಸ್ತಕ ಮಡಚಿಟ್ಟೆ, ಮುಂದೆ ಓದಲಾಗಲಿಲ್ಲ. ನನ್ನ ನೆಲಮಾಳಿಗೆಯ ಹಕ್ಕಿಗೆ ಬಾಯಿ ಇತ್ತು. ಎರಡು ಸಲ ಹೇಳಿತ್ತು.

ಮತ್ತೆ ನಿನ್ನ ಶಟರ್‌ಗೆ ಬರುತ್ತೇನೆ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡುವ ನಿಯೋಶ್ ಅನ್ನುವ ಸರ್ಕಾರಿ ಸಂಸ್ಥೆ 1996ರಲ್ಲೇ ಇಂಥ ಸಣ್ಣ ಪೆಟ್ರೋಲ್ ಎಂಜಿನ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿದೆ. ಬಾಗಿಲು ಕಿಟಕಿ ತೆಗೆದಿಟ್ಟರೂ, ಫ್ಯಾನ್ ಹಾಕಿದರೂ ಒಳಗೆ ಓಡಿಸುವುದು ಕ್ಷೇಮ ಅಂತ ನಂಬಬೇಡಿ ಅಂತ ಅದರಲ್ಲಿದೆ. ಅರ್ಧ ಶಟರ್ ಅಲ್ಲ, ಪೂರ್ತಿ ಎತ್ತಿದರೂ ಅಷ್ಟೇ. ಈ ಅನಿಲ ನೆಲಕ್ಕೆ ಇಳಿದು ಶಟರ್ ಕೆಳಗಿಂದ ಹರಿದು ಹೋಗುವುದಿಲ್ಲ. ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಕೋಣೆ ತುಂಬ ಬೆರೆತುಕೊಳ್ಳುತ್ತದೆ.

ಟ್ಯಾಂಕ್ ತುಂಬಿದ ಮೇಲೆ ಸದ್ದು ಇಳಿಯುತ್ತದಲ್ಲ, ಆಗ ಮೆಷಿನ್ ವಿಶ್ರಾಂತಿಯಲ್ಲಿದೆ ಅಂತ ಮರೆತುಬಿಡುತ್ತೀಯೇನೋ. ಕರೆಂಟಿನ ಕಂಪ್ರೆಸರ್ ಆದರೆ ಪೂರ್ತಿ ನಿಲ್ಲುತ್ತದೆ. ಇದು ಬರೀ ನಿಧಾನ ಆಗುತ್ತದೆ. ಗಾಳಿ ತುಂಬುವುದು ನಿಂತರೂ ಹೊಗೆ ಬರುತ್ತಲೇ ಇರುತ್ತದೆ. ಏರ್ ಫಿಲ್ಟರ್‌ನಲ್ಲಿ ಪೇಂಟ್ ಧೂಳು ಕಟ್ಟಿದ್ದರೆ, ಚೋಕ್ ಅರ್ಧ ಎಳೆದೇ ಇದ್ದರೆ, ಪೆಟ್ರೋಲ್ ಸರಿಯಾಗಿ ಉರಿಯದೆ ಈ ವಿಷ ಇನ್ನೂ ಜಾಸ್ತಿ. ಫಿಲ್ಟರ್ ಸ್ವಚ್ಛ ಇಡು. ಹಾಗಂತ ಸ್ವಚ್ಛ ಇದ್ದರೆ ಒಳಗೆ ಇಡಬಹುದು ಅಂತ ಅರ್ಥ ಮಾಡಿಕೊಳ್ಳಬೇಡ ಮಾರಾಯ.

ಮಾಡಬೇಕಾದ್ದು ದೊಡ್ಡದೇನಲ್ಲ. ಮೆಷಿನ್ ಹೊರಗೆ ನಿಲ್ಲಲಿ, ಪೈಪ್ ಉದ್ದ ಆಗಲಿ. 15 ಮೀಟರಿನ ಎರಡು ಪೈಪ್ ಜೋಡಿಸಿದರೆ ಒತ್ತಡ ಸ್ವಲ್ಪ ಇಳಿಯುತ್ತದೆ. ಒಳಗಾತ್ರ ದೊಡ್ಡದಿರುವ ಪೈಪ್ ತಗೊಂಡರೆ ಅಷ್ಟು ಇಳಿಯುವುದಿಲ್ಲ. ಬಾಗಿಲು ಕಿಟಕಿಯಿಂದ ಆರೇಳು ಮೀಟರ್ ಆದರೂ ದೂರ ಇರಲಿ, ಸೈಲೆನ್ಸರ್ ಮುಖ ಅವುಗಳ ವಿರುದ್ಧ ದಿಕ್ಕಿಗೆ ತಿರುಗಿರಲಿ. ಮಳೆಗೆ ನಾಲ್ಕೂ ಕಡೆ ತೆರೆದ ಚಪ್ಪರದಂಥದ್ದು ಮಾಡಿಕೊ. ಅದೂ ಆಗದಿದ್ದರೆ ಆ ದಿನ ಕೆಲಸ ಬಿಡು. ಬಿಡು ಅನ್ನುವುದು ನನಗೆ ಸುಲಭ, ಗೊತ್ತು. ಅರ್ಧ ದಿನ ಉಳಿಸಲು ಹೋಗಿ ನಾನು ಏನು ಮಾಡಿದೆ ಅಂತ ಮೇಲೆ ಬರೆದಿದ್ದೇನಲ್ಲ.

ಥಿನ್ನರ್ ಹಬೆ ತುಂಬಿದ ಕೋಣೆಯಲ್ಲಿ ಪ್ಲಗ್ ಕಿಡಿ ಹಾರಿಸುವ ಎಂಜಿನ್, ಬಿಸಿ ಸೈಲೆನ್ಸರ್. ಬೆಂಕಿಯ ಮಾತು ಬೇರೆಯೇ ಇದೆ, ಈಗ ಅದಕ್ಕೆ ಹೋಗುವುದಿಲ್ಲ. ಪೆಟ್ರೋಲ್ ಮಾತ್ರ ಎಂಜಿನ್ ಆರಿಸಿ, ತಣ್ಣಗಾದ ಮೇಲೇ ಹಾಕು. ಹಾಂ, ಈ ಕಂಪ್ರೆಸರ್ ಗಾಳಿಯನ್ನು ಉಸಿರಾಟದ ಮುಖವಾಡಕ್ಕೆ ಯಾರಾದರೂ ಜೋಡಿಸುತ್ತೇನೆ ಅಂದರೆ ಕೈ ಹಿಡಿದು ನಿಲ್ಲಿಸು. ಅದು ತನ್ನ ಹೊಗೆಯನ್ನೇ ಎಳೆದು ತುಂಬಿಕೊಂಡಿರಬಹುದು.

ಉಳಿದದ್ದು ನಿನಗೆ ಗೊತ್ತಿರುತ್ತದೆ. ಆದರೂ ಬರೆದುಬಿಡುತ್ತೇನೆ, ಮುದುಕರ ಚಟ. ದಿನದ ಕೊನೆಗೆ ಒತ್ತಡ ಇಳಿಸಿ ಟ್ಯಾಂಕಿನ ತಳದ ಕಾಕ್ ಬಿಚ್ಚಿ ನೀರು ಬಿಡು. ಮಳೆಗಾಲದಲ್ಲಿ ಜಾಸ್ತಿ ಬರುತ್ತದೆ. ಬಿಡದಿದ್ದರೆ ಟ್ಯಾಂಕ್ ಒಳಗಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ, ಹೊರಗೆ ಕಾಣುವುದೇ ಇಲ್ಲ. ಹಾಗೆ ತೂತಾದ ಟ್ಯಾಂಕಿಗೆ ವೆಲ್ಡಿಂಗ್ ಬೇಡ, ಟ್ಯಾಂಕೇ ಬದಲಾಯಿಸು. ಸೇಫ್ಟಿ ವಾಲ್ವ್ ಗಾಳಿ ಬಿಡುತ್ತಿದ್ದರೆ ಅದನ್ನು ಬಿಗಿ ಮಾಡಬೇಡ, ಯಾಕೆ ಬಿಡುತ್ತಿದೆ ನೋಡು. ಎಂಜಿನ್ ಎಣ್ಣೆ ಬೇರೆ, ಪಂಪಿನ ಎಣ್ಣೆ ಬೇರೆ. ಬೆಲ್ಟ್ ಮುಟ್ಟುವ ಮೊದಲು ಪ್ಲಗ್ಗಿನ ಟೋಪಿ ಕಿತ್ತಿಡು. ಇಷ್ಟು ಸಾಕು.

ಒಂದನ್ನು ಮಾತ್ರ ಎರಡು ಸಲ ಓದು. ಒಳಗೆ ಯಾರಾದರೂ ಬಿದ್ದಿದ್ದು ಕಂಡರೆ ಒಬ್ಬನೇ ನುಗ್ಗಬೇಡ. ಮೊದಲು ಕೂಗಿ ಜನ ಸೇರಿಸು, ಆಂಬುಲೆನ್ಸ್‌ಗೆ ಹೇಳು. ಎಂಜಿನ್ ಹೊರಗಿಂದಲೇ ನಿಲ್ಲಿಸಲು ಆದರೆ ನಿಲ್ಲಿಸು, ಇದ್ದಬದ್ದ ಬಾಗಿಲೆಲ್ಲ ತೆರೆ. ನಾನು ಅದೇನೂ ಮಾಡಿರಲಿಲ್ಲ. ನನ್ನ ಕಾಲು ಎದ್ದದ್ದು ಅದೃಷ್ಟ.

ನನ್ನ ಹಳೇ ಪೈಪ್ ಎರಡು ತುಂಡು ಅಟ್ಟದ ಮೇಲಿವೆ. ಬೆಳಿಗ್ಗೆ ಕಳಿಸಿಬಿಡೋಣ ಅಂತ ಇಳಿಸಿ ನೋಡಿದೆ. ಬಗ್ಗಿಸಿದ ಕಡೆ ಎಲ್ಲ ರಬ್ಬರ್ ಬಿರುಕು ಬಿಟ್ಟಿದೆ. ಕಳಿಸುವುದಿಲ್ಲ. ಹೊಸದೇ ತಗೋ, ದುಡ್ಡು ನಾನು ಹಾಕುತ್ತೇನೆ. ಬೇಡ ಅನ್ನಬೇಡ.

ಸಿಟ್ಟು ಬಂದಿದ್ದರೆ ಬರಲಿ. ಪತ್ರ ಬರೆಯಲು ಬೇಜಾರಾದರೆ ಒಂದು ಫೋಟೋ ಕಳಿಸು ಸಾಕು. ಮೆಷಿನ್ ಹೊರಗೆ ನಿಂತಿರಬೇಕು, ಪೈಪ್ ಶಟರ್ ಕೆಳಗೆ ಹಾದು ಒಳಗೆ ಹೋಗಿರಬೇಕು. ಸೈಲೆನ್ಸರ್ ಯಾವ ಕಡೆ ತಿರುಗಿದೆ ಅನ್ನುವುದೂ ಕಾಣಲಿ. ಮಳೆ ದಿನದ ಫೋಟೋನೇ ಆಗಬೇಕು.

ಇಂತಿ ನಿನ್ನ,
ದೊಡ್ಡಪ್ಪ